1977ರ ಮಾರ್ಚ್ 26ರ ರಾಮೋತ್ಸವದ ಸಂಗೀತ ಕಚೇರಿ: ಅಂದು ಚಪ್ಪರದಲ್ಲಿದ್ದವರು ಯಾರಾದರೂ ಇದ್ದೀರಾ?

ಕೃಷ್ಣಮೂರ್ತಿಪುರಂ ಹುಡುಗ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿರುವ ನಮ್ಮ ಬೀದಿಯ ರಾಮೋತ್ಸವ ಸಮಿತಿಯವರು ಒಂದು ಸ್ಮರಣ ಸಂಚಿಕೆ ತರುತ್ತಿದ್ದಾರೆ. 1977ರ ಉತ್ಸವದ ಬಗ್ಗೆ ಎರಡು ಪುಟ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಆಗ ನನಗೆ ಎಂಟು ತಿಂಗಳು. ಹೀಗಾಗಿ ನನ್ನದೇ ನೆನಪು ಎಂಬುದೇನೂ ಇಲ್ಲ. ಕೈಯಲ್ಲಿರುವುದು ಎರಡೇ ಆಧಾರಗಳು: ತೀರಿಹೋದ ತಂದೆಯವರ ಟ್ರಂಕಿನಲ್ಲಿ ಸಿಕ್ಕ ಒಂದು ಕರಪತ್ರ, ಮತ್ತು ಎಪ್ಪತ್ತೈದು ದಾಟಿರುವ ನನ್ನ ತಾಯಿಯವರ ಮಾತು.

ಕರಪತ್ರ ತೆಳು ಗುಲಾಬಿ ಕಾಗದದ್ದು. ಮೇಲೆ ‘ಪಿಂಗಳ ನಾಮ ಸಂವತ್ಸರದ ಶ್ರೀ ರಾಮೋತ್ಸವ’ ಎಂದಿದೆ. ಕೆಳಗೆ ದಿನಕ್ಕೊಂದರಂತೆ ಕಾರ್ಯಕ್ರಮಗಳಿವೆ. ಮಾರ್ಚ್ 26, ಶನಿವಾರ, ಸಂಜೆ ಆರೂವರೆಗೆ ಹಾಡುಗಾರಿಕೆ, ಪಿಟೀಲು, ಮೃದಂಗ, ಘಟ ಎಂದು ಓದಬಹುದಾದರೂ ಕಲಾವಿದರ ಹೆಸರಿರುವ ಸಾಲನ್ನು ಹುಳು ತಿಂದು ಜಾಲರಿ ಮಾಡಿಬಿಟ್ಟಿದೆ. ಹಿಂಬದಿಯಲ್ಲಿ ತಂದೆಯವರ ಅಕ್ಷರದಲ್ಲಿ ಪೆನ್ಸಿಲಿನ ಒಂದು ಪಟ್ಟಿ: ಬೆಲ್ಲ, ಏಲಕ್ಕಿ, ಒಣಶುಂಠಿ, ನಿಂಬೆಹಣ್ಣು 100, ಕರಬೂಜ 6, ಜಮಖಾನ 4 (ವಾಪಸ್), ‘ಸ್ಟೇಷನ್?’. ಈ ಕೊನೆಯ ಪದವನ್ನು ಎರಡು ಗೆರೆ ಎಳೆದು ಹೊಡೆದುಹಾಕಿದ್ದಾರೆ.

ದಿನಾಂಕವನ್ನು ಗಮನಿಸಿದರೆ ಸಂಗತಿಯ ತೂಕ ತಿಳಿಯುತ್ತದೆ. ಅದೇ ವಾರದ ಸೋಮವಾರ, 21ರಂದು, ಇಪ್ಪತ್ತೊಂದು ತಿಂಗಳ ತುರ್ತು ಪರಿಸ್ಥಿತಿಯನ್ನು ಹಿಂತೆಗೆದುಕೊಳ್ಳಲಾಗಿತ್ತು. ಗುರುವಾರ, 24ರಂದು, ಮೊರಾರ್ಜಿ ದೇಸಾಯಿಯವರು ಸ್ವತಂತ್ರ ಭಾರತದ ಮೊದಲ ಕಾಂಗ್ರೆಸ್ಸೇತರ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದರು. ಅದಾದ ಎರಡನೆಯ ದಿನವೇ ಈ ಕಚೇರಿ.

ನನ್ನ ತಾಯಿಯವರು ಹೇಳುವುದು ಹೀಗಿದೆ: ಹಾಡುಗಾರರು ಪುರಂದರದಾಸರ ‘ಧರ್ಮವೇ ಜಯವೆಂಬ’ ದೇವರನಾಮವನ್ನು ಎತ್ತಿಕೊಂಡರು, ಅದನ್ನು ಕೇಳಿ ಚಪ್ಪರದಲ್ಲಿದ್ದವರೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟಿದರು. ಬರೆಯಲು ಬಹಳ ಚೆನ್ನಾಗಿದೆ. ಅದಕ್ಕೇ ನನಗೆ ಅನುಮಾನ. ನಮ್ಮ ಕಡೆ ಕಚೇರಿಯ ನಡುವೆ ಜನ ಎದ್ದುನಿಂತರೆ ಕೋಸಂಬರಿ ಹಂಚುವ ಹೊತ್ತಾಯಿತು ಎಂದೇ ಅರ್ಥ. ಅಂದು ಅಲ್ಲಿದ್ದವರು ಯಾರಾದರೂ ಇದ್ದರೆ, ನಿಜವಾಗಿ ನಡೆದದ್ದೇನು ಎಂದು ದಯವಿಟ್ಟು ತಿಳಿಸಿ. ಹಾಗೆಯೇ ‘ಸ್ಟೇಷನ್?’ ಎಂಬುದರ ಒಗಟನ್ನೂ ಬಿಡಿಸಿಕೊಟ್ಟರೆ ಉಪಕಾರವಾಗುತ್ತದೆ.

ಹಳೆಯ ಸ್ವಯಂಸೇವಕ:

ಆ ಚಪ್ಪರದಲ್ಲಿ ನಾನಿದ್ದೆ. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೆ. ಜಮಖಾನ ಹಾಸುವುದು, ಪಾನಕದ ಲೋಟ ತೊಳೆಯುವುದು, ವೇದಿಕೆಗೆ ಬಿಸಿನೀರಿನ ಫ್ಲಾಸ್ಕು ಒಯ್ಯುವುದು ನಮ್ಮಂಥ ಐದಾರು ಹುಡುಗರ ಕೆಲಸವಾಗಿತ್ತು. ನಿಮ್ಮ ತಂದೆಯವರು ಲೆಕ್ಕ ನೋಡಿಕೊಳ್ಳುತ್ತಿದ್ದರು. ಅವರ ಷರಟಿನ ಜೇಬಿನಲ್ಲಿ ಸದಾ ಮೋಟು ಪೆನ್ಸಿಲ್ ಇರುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ಮೊದಲು ‘ಸ್ಟೇಷನ್?’ ವಿಷಯ. ತುರ್ತು ಪರಿಸ್ಥಿತಿ ಘೋಷಣೆಯಾದದ್ದು 1975ರ ಜೂನ್ 25ರ ರಾತ್ರಿ. ಆದ್ದರಿಂದ ಅದರ ನೆರಳಿನಲ್ಲಿ ನಡೆದ ರಾಮೋತ್ಸವ 1976ರದು ಒಂದೇ. ಆ ವರ್ಷ ಯಾರೂ ಕೇಳದೆಯೇ, ಸಮಿತಿಯ ಹಿರಿಯರು ತಾವಾಗಿ ಪೊಲೀಸ್ ಠಾಣೆಗೆ ಹೋಗಿ, ಯಾವ ದಿನ ಯಾರು ಹಾಡುತ್ತಾರೆ, ಯಾರು ಮಾತನಾಡುತ್ತಾರೆ ಎಂಬ ಪಟ್ಟಿಯನ್ನು ಕೊಟ್ಟು ಬಂದಿದ್ದರು. ಇಷ್ಟಕ್ಕೇ ನಿಲ್ಲಲಿಲ್ಲ. ಪ್ರತಿವರ್ಷ ಹರಿಕಥೆ ಮಾಡುತ್ತಿದ್ದ ದಾಸರು ಉಪಕಥೆಯ ನೆವದಲ್ಲಿ ಎಲ್ಲಿ ಏನು ಹೇಳಿಬಿಡುತ್ತಾರೋ ಎಂಬ ಅಂಜಿಕೆಯಿಂದ ಆ ವರ್ಷ ಹರಿಕಥೆಯನ್ನೇ ಕೈಬಿಟ್ಟು, ಅದರ ಜಾಗಕ್ಕೆ ಒಂದು ವೀಣಾವಾದನವನ್ನು ಹಾಕಿದ್ದರು. ವೀಣೆಗೆ ಬಾಯಿಲ್ಲವಲ್ಲ! ಆ ಕಾಲದ ಭಯವೆಂದರೆ ಪೊಲೀಸರದಷ್ಟೇ ಅಲ್ಲ, ನಾವೇ ನಮ್ಮ ಮನೆಯೊಳಗೆ ಕರೆದುಕೊಂಡು ಬಂದು ಮಣೆ ಹಾಕಿ ಕೂರಿಸಿದ್ದ ಭಯವೂ ಹೌದು. 1977ರಲ್ಲಿ ಪಟ್ಟಿ ಕೊಡಬೇಕೋ ಬೇಡವೋ ಎಂಬುದು ಯಾರಿಗೂ ಸ್ಪಷ್ಟವಿರಲಿಲ್ಲ. ನಿಮ್ಮ ತಂದೆಯವರ ಪ್ರಶ್ನಾರ್ಥಕ ಚಿಹ್ನೆ ಅದೇ ಇರಬೇಕು. ನಿಮ್ಮ ಕರಪತ್ರದಲ್ಲಿ ಹರಿಕಥೆ ಇದೆಯೇ ನೋಡಿ ಹೇಳಿ. ಆ ವರ್ಷ ಅದು ಮರಳಿತ್ತೆಂದು ನನ್ನ ನೆನಪು.

ಇನ್ನು ಕಚೇರಿ. ಅಂದು ಜನ ಎಂದಿಗಿಂತ ಬೇಗ ಬಂದು ಕೂತಿದ್ದರು, ಆದರೆ ಹಾಡು ಕೇಳುವ ಆತುರಕ್ಕಲ್ಲ, ಮಾತನಾಡುವ ಆತುರಕ್ಕೆ. ರಾಯ್‌ಬರೇಲಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರೇ ಸೋತ ಸುದ್ದಿಯನ್ನು ಯಾರು ಯಾವ ರೇಡಿಯೋದಲ್ಲಿ ಎಷ್ಟು ಹೊತ್ತಿಗೆ ಕೇಳಿದರು ಎಂಬುದನ್ನೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಎಲ್ಲರೂ ಎಲ್ಲವನ್ನೂ ಕೇಳಿದ್ದರೂ ಮತ್ತೆ ಹೇಳುವುದರಲ್ಲಿ ಒಂದು ಸುಖವಿತ್ತು. ಎರಡು ವರ್ಷ ಪಿಸುಮಾತಿನಲ್ಲಿ ಆಡಿದ್ದನ್ನು ಗಟ್ಟಿಯಾಗಿ ಆಡಿ ನೋಡುತ್ತಿದ್ದರು ಎನ್ನಿ. ಶ್ರುತಿಪೆಟ್ಟಿಗೆ ಶುರುವಾದರೂ ಮಾತು ನಿಲ್ಲದೆ, ಪಿಟೀಲಿನವರು ಶ್ರುತಿ ಸೇರಿಸಲು ಕಷ್ಟಪಡುತ್ತಿದ್ದದ್ದನ್ನು ನಾನು ವೇದಿಕೆಯ ಪಕ್ಕದಲ್ಲೇ ನಿಂತು ನೋಡಿದೆ.

ಮುಂದಿನ ಸಾಲಿನಲ್ಲಿ ನಮ್ಮ ಬೀದಿಯ ಮೇಷ್ಟ್ರೊಬ್ಬರು ಕೂತಿದ್ದರು. ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಮೀಸಾ ಕಾಯ್ದೆಯಡಿ ಒಳಗೆ ಹೋಗಿದ್ದು, ಚುನಾವಣೆ ಘೋಷಣೆಯಾದ ಮೇಲೆ ಬಿಡುಗಡೆಯಾಗಿ ಬಂದವರು. ಬಹಳ ಸೊರಗಿಹೋಗಿದ್ದರು, ಕೊರಳಪಟ್ಟಿ ಸಡಿಲವಾಗಿ ಷರಟು ಬೇರೆ ಯಾರದ್ದೋ ಎನ್ನುವಂತೆ ಕಾಣುತ್ತಿತ್ತು. ‘ಧರ್ಮವೇ ಜಯವೆಂಬ’ ಹಾಡಿದ್ದು ನಿಜ. ಆದರೆ ಎದ್ದುನಿಂತದ್ದಾಗಲಿ ಚಪ್ಪಾಳೆಯಾಗಲಿ ನನ್ನ ನೆನಪಿನಲ್ಲಿಲ್ಲ; ನೆನಪಿರುವುದು ನಗು. ವಿಷವಿಕ್ಕಿದವನಿಗೆ ಷಡ್ರಸದ ಊಟ ಬಡಿಸಬೇಕು, ಮೋಸ ಮಾಡಿದವನ ಹೆಸರನ್ನು ಮಗನಿಗೆ ಇಡಬೇಕು ಎಂದು ಆ ಪದದಲ್ಲಿ ಬರುತ್ತದೆ. ಆ ಹೆಸರಿಡುವ ಸಾಲು ಬಂದಾಗ ಮೇಷ್ಟ್ರು ಇದ್ದಕ್ಕಿದ್ದಂತೆ ಗಟ್ಟಿಯಾಗಿ ನಕ್ಕುಬಿಟ್ಟರು. ಅವರು ನಕ್ಕರೆಂದು ಅವರ ಹಿಂದಿನವರು, ಅವರು ನಕ್ಕರೆಂದು ಇಡೀ ಚಪ್ಪರ. ಹಾಡುಗಾರರಿಗೆ ಮೊದಲು ಏನೂ ತಿಳಿಯಲಿಲ್ಲ. ತಿಳಿದ ಮೇಲೆ ಅದೇ ಸಾಲನ್ನು ಮತ್ತೆ ಎರಡು ಸಲ ಹಾಡಿದರು.

ಇನ್ನೊಂದು ಸಂಗತಿ. ಅದಕ್ಕೆ ಸ್ವಲ್ಪ ಮುಂಚೆ, ಮೃದಂಗ, ಘಟಗಳಷ್ಟೇ ನುಡಿಯುವ ತನಿಯ ಹೊತ್ತಿಗೆ, ಕರೆಂಟು ಹೋಗಿತ್ತು. ಪೆಟ್ರೋಮ್ಯಾಕ್ಸ್ ಹಚ್ಚಿ ತಂದದ್ದು ನಾನೇ. ಮೈಕಿಲ್ಲದೆ ಮೃದಂಗ, ಘಟ ಎರಡೂ ಅಷ್ಟು ಚೆನ್ನಾಗಿ ಕೇಳುತ್ತವೆಂದು ನನಗೆ ಗೊತ್ತಾದದ್ದು ಅಂದೇ.

ಪಕ್ಕವಾದ್ಯದವನು:

ನಾನು ಅಂದು ಅಲ್ಲಿರಲಿಲ್ಲ, ಇನ್ನೂ ಹುಟ್ಟಿಯೇ ಇರಲಿಲ್ಲ. ಆದರೆ ಮೈಸೂರಿನ ಬೀದಿಬೀದಿಯ ರಾಮೋತ್ಸವ, ಗಣೇಶೋತ್ಸವಗಳಲ್ಲಿ ಇಪ್ಪತ್ತೈದು ವರ್ಷದಿಂದ ಪಿಟೀಲು ನುಡಿಸುತ್ತಿರುವುದರಿಂದ ಕಚೇರಿಯ ಕ್ರಮದ ಬಗ್ಗೆ ಒಂದೆರಡು ಮಾತು ಹೇಳಬಹುದು.

ಕಚೇರಿಯಲ್ಲಿ ದೇವರನಾಮ ಬರುವುದು ಮುಖ್ಯ ಕೃತಿ, ತನಿ ಆವರ್ತನ ಎಲ್ಲ ಮುಗಿದ ಮೇಲೆ, ತುಕ್ಕಡಗಳ, ಎಂದರೆ ಕೊನೆಯ ಕಿರು ಹಾಡುಗಳ, ಭಾಗದಲ್ಲಿ. ಆರೂವರೆಗೆ ಶುರುವಾದ ಕಚೇರಿಯಲ್ಲಿ ಅದು ಒಂಬತ್ತರ ಆಸುಪಾಸು ಆಗಿರಬೇಕು. ತನಿಯ ಹೊತ್ತಿಗೆ ಕರೆಂಟು ಹೋಗಿ, ಆಮೇಲೆ ದೇವರನಾಮ ಬಂತು ಎಂದು ಹಿರಿಯರು ಹೇಳಿರುವುದು ಈ ಕ್ರಮಕ್ಕೆ ಸರಿಹೊಂದುತ್ತದೆ. ಹಾಡಿನ ನಡುವೆ ಚಪ್ಪಾಳೆ ತಟ್ಟುವ ರೂಢಿ ನಮ್ಮಲ್ಲಿ ಕಡಿಮೆ; ಸ್ವರಪ್ರಸ್ತಾರದ ಮುಕ್ತಾಯ ಗಟ್ಟಿಯಾಗಿ ಬಿದ್ದಾಗ ಅಥವಾ ತನಿ ಮುಗಿದಾಗ ತಟ್ಟುವುದುಂಟು. ದೇವರನಾಮದ ಸಾಹಿತ್ಯಕ್ಕಾಗಿ ನಡುವೆಯೇ ತಟ್ಟಿದ್ದರೆ ಅದು ಕಲಾವಿದರು ಸಾಯುವವರೆಗೂ ಹೇಳಿಕೊಳ್ಳುವಂಥ ಸಂಗತಿ.

ಆದರೆ ನಾನು ಎತ್ತಬೇಕೆಂದಿರುವ ಪ್ರಶ್ನೆ ಬೇರೆ. ಆ ಪದವನ್ನು ಆರಿಸಿದವರು ಯಾರು? ದಾಸರ ಪದಗಳ ಮೂಲ ಧಾಟಿಗಳು ಬಹುಪಾಲು ನಮ್ಮವರೆಗೆ ಉಳಿದು ಬಂದಿಲ್ಲ. ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಕೂರಿಸಿಕೊಂಡು, ತಮಗೆ ಪಾಠವಾದ ಹತ್ತಿಪ್ಪತ್ತು ಪದಗಳನ್ನೇ ಕಚೇರಿಗೆ ತರುತ್ತಾರೆ. ಹಾಡುಗಾರರೇ ದಿನದ ಸಂದರ್ಭ ನೋಡಿ ಆರಿಸಿದ್ದರೆ ಅದು ಅವರ ಧೈರ್ಯ. ಆದರೆ ತುಕ್ಕಡದ ಹೊತ್ತಿಗೆ ಸಭೆಯಿಂದ ಕೋರಿಕೆಯ ಚೀಟಿಗಳು ವೇದಿಕೆಗೆ ಬರುವುದು ಆಗಲೂ ಇತ್ತು, ಈಗಲೂ ಇದೆ. ಚೀಟಿಯಿಂದ ಬಂದ ಪದವಾದರೆ, ಅದರ ಹಿಂದಿನ ಇಂಗಿತ ಕೇಳುಗರದ್ದು; ಹಾಡುಗಾರರು ಮುಗ್ಧರಾಗಿಯೇ ಹಾಡಿರಬಹುದು. ನಗು ಬಂದಾಗ ಅವರಿಗೆ ‘ಮೊದಲು ಏನೂ ತಿಳಿಯಲಿಲ್ಲ’ ಎಂದು ಹಿರಿಯರು ಬರೆದಿರುವುದನ್ನು ಓದಿದರೆ ನನಗೆ ಚೀಟಿಯ ಕಡೆಗೇ ಮನಸ್ಸು ಹೋಗುತ್ತದೆ. ಸಂಚಿಕೆಯಲ್ಲಿ ‘ಗಾಯಕರು ಪ್ರಜಾಪ್ರಭುತ್ವದ ವಿಜಯವನ್ನು ಹಾಡಿ ಸಾರಿದರು’ ಎಂಬಂಥ ವಾಕ್ಯ ಬರೆಯುವ ಮೊದಲು ಇದನ್ನು ವಿಚಾರಿಸುವುದು ಒಳ್ಳೆಯದು.

ನಾಲೆ ಬಯಲಿನವಳು:

ನಾನು ಮಂಡ್ಯ ಜಿಲ್ಲೆಯವಳು. ವಿಶ್ವೇಶ್ವರಯ್ಯ ನಾಲೆಯ ನೀರುಂಡ ಗದ್ದೆಗಳ ನಡುವಿನ ಒಂದು ಊರು ನಮ್ಮದು. ಇಲ್ಲಿ ಹಿರಿಯರು ಬರೆದಿರುವುದನ್ನು ಓದಿ ಸಂತೋಷವಾಯಿತು. ಆದರೂ ಅದೇ ವಾರ ನಮ್ಮ ಊರಿನಲ್ಲಿ ಹೇಗಿತ್ತು ಎಂಬುದನ್ನು ಹೇಳದಿದ್ದರೆ ಚಿತ್ರ ಅರ್ಧವಾಗುತ್ತದೆ ಎನಿಸಿ ಬರೆಯುತ್ತಿದ್ದೇನೆ.

ಆಗ ನನಗೆ ಹನ್ನೊಂದು ವರ್ಷ. ನಮ್ಮ ತಂದೆ ಮತ್ತೊಬ್ಬರ ಒಂದೂವರೆ ಎಕರೆ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದರು. ದೇವರಾಜ ಅರಸರ ಸರ್ಕಾರ ತಂದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ ಅವರು ಫಾರಂ 7 ತುಂಬಿ ಭೂನ್ಯಾಯಮಂಡಳಿಗೆ ಅರ್ಜಿ ಹಾಕಿದರು. ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ನಮ್ಮ ತಂದೆ ಜೀವಮಾನದಲ್ಲಿ ಮೊದಲ ಸಲ ಅಧಿಕಾರಿಗಳ ಮುಂದೆ ನಿಂತು ತಮ್ಮ ಮಾತನ್ನು ತಾವೇ ಆಡಿದ್ದು ಆ ದಿನ. ಆಮೇಲೆ ಭೂಮಿ ಅವರ ಹೆಸರಿಗೆ ಬಂತು. ಇದೆಲ್ಲ ಶುರುವಾದದ್ದು ತುರ್ತು ಪರಿಸ್ಥಿತಿಗಿಂತ ಮುಂಚೆ ಎಂಬುದು ನನಗೆ ಗೊತ್ತಿದೆ, ಅದನ್ನು ಇದಕ್ಕೆ ಗಂಟು ಹಾಕಿ ತುರ್ತು ಪರಿಸ್ಥಿತಿಯನ್ನು ಸಮರ್ಥಿಸುವ ಉದ್ದೇಶವೂ ನನಗಿಲ್ಲ. ಸೆರೆಮನೆಯಲ್ಲಿ ಆರೋಗ್ಯ ಕೆಟ್ಟು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡ ನಟಿ ಸ್ನೇಹಲತಾ ರೆಡ್ಡಿಯವರ ಕಥೆಯನ್ನು ದೊಡ್ಡವಳಾದ ಮೇಲೆ ಓದಿ ನಾನೂ ಅತ್ತಿದ್ದೇನೆ.

ಆದರೆ ಆ ಮಾರ್ಚಿನಲ್ಲಿ ನಮ್ಮ ಮನೆಯಲ್ಲಿ ಇದ್ದದ್ದು ಹರ್ಷವಲ್ಲ, ದಿಗಿಲು. ನಮ್ಮ ತಂದೆ ಕಾಂಗ್ರೆಸ್ಸಿನ ಹಸು-ಕರುವಿನ ಗುರುತಿಗೆ ಓಟು ಹಾಕಿದ್ದರು. ಎದುರು ಪಕ್ಷದ ಗುರುತು ನೇಗಿಲು ಹೊತ್ತ ರೈತ. ನೇಗಿಲು ಹೊತ್ತವರೇ ಅದಕ್ಕೆ ಓಟು ಹಾಕಲಿಲ್ಲ ನೋಡಿ. ದೆಹಲಿಯಲ್ಲಿ ಸರ್ಕಾರ ಬದಲಾದರೂ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಹೋದವು ಎಂಬುದನ್ನು ನಮ್ಮ ಜನ ಈಗ ಮರೆತೇಬಿಟ್ಟಿದ್ದಾರೆ. ‘ಅಮ್ಮ ಸೋತ್ರಂತೆ’ ಎಂಬ ಸುದ್ದಿ ಬಂದ ದಿನ ನಮ್ಮ ತಂದೆ ಟ್ರಂಕು ತೆಗೆದು, ಬಟ್ಟೆಯ ಅಡಿಯಲ್ಲಿದ್ದ ಫಾರಂ 10 (ಭೂಮಿ ತಮ್ಮದೆಂಬ ಪ್ರಮಾಣಪತ್ರ) ಮತ್ತು ಪಹಣಿಯನ್ನು ಎತ್ತಿ, ಓದು ಬರದಿದ್ದರೂ ದೀಪಕ್ಕೆ ಹಿಡಿದು ನೋಡಿ, ಮತ್ತೆ ಮಡಿಸಿ ಇಟ್ಟರು. ಹೊಸಬರು ಬಂದು ಭೂಮಿ ಕಿತ್ತುಕೊಳ್ಳುತ್ತಾರೇನೋ ಎಂಬುದಷ್ಟೇ ಅವರ ಚಿಂತೆ. ಬೆಂಗಳೂರಿನಲ್ಲಿ ಅರಸರ ಸರ್ಕಾರ ಹಾಗೇ ಇದೆ, ಭಯವಿಲ್ಲ ಎಂದು ಊರಿನ ಮೇಷ್ಟ್ರು ಬಿಡಿಸಿ ಹೇಳಿದ ಮೇಲೆಯೇ ಅವರು ಊಟ ಮಾಡಿದ್ದು.

ಆ ವಾರ ನಮ್ಮ ರಾಮಮಂದಿರದಲ್ಲೂ ಭಜನೆ ಇತ್ತು: ಒಂದು ಹಾರ್ಮೋನಿಯಂ, ಎರಡು ಜೊತೆ ತಾಳ, ಒಂದು ದಮ್ಮಡಿ. ನಮ್ಮ ತಂದೆ ಅಂದು ಬೆಳಗಿನ ಜಾವದವರೆಗೆ ಕೂತು ತಾಳ ಹಾಕಿದರು. ಅದೂ ಭರವಸೆಯ ಹಾಡೇ. ಆದರೆ ಬಂದ ಬದಲಾವಣೆಗಾಗಿ ಅಲ್ಲ, ಮೂರು ವರ್ಷದ ಹಿಂದೆ ಬಂದದ್ದು ಕೈಬಿಟ್ಟು ಹೋಗದಿರಲೆಂದು.

ಒಂದು ಮಾತು, ತಪ್ಪು ತಿಳಿಯಬೇಡಿ. ಕೃಷ್ಣಮೂರ್ತಿಪುರಂನ ಆ ಚಪ್ಪರದಲ್ಲಿ ಕೂತಿದ್ದವರಲ್ಲಿ ಅದೇ ಕಾಯ್ದೆಯಿಂದ ಊರಿನ ಗದ್ದೆ ಕಳೆದುಕೊಂಡವರೂ ಇದ್ದಿರಬೇಕು. ಅವರ ನಗುವಿನಲ್ಲಿ ಅದರ ಪಾಲೂ ಸ್ವಲ್ಪ ಇತ್ತೇ?

ಹಳೆಯ ಸ್ವಯಂಸೇವಕ:

ತಾಯಿ, ತಾವು ಕೇಳಿದ್ದು ನ್ಯಾಯವಾಗಿಯೇ ಇದೆ. ಇದ್ದರು. ನಮ್ಮ ಮನೆಯದೇ ನಂಜನಗೂಡಿನ ಕಡೆ ಎರಡು ಎಕರೆ ಹೋಯಿತು. ನಮ್ಮ ಅಜ್ಜ ಸಾಯುವವರೆಗೂ ಆ ಮಾತು ಬಿಡಲಿಲ್ಲ. ಅಂದಿನ ನಗುವಿನಲ್ಲಿ ಅವರ ಪಾಲು ಎಷ್ಟು, ಮೇಷ್ಟ್ರ ಪಾಲು ಎಷ್ಟು ಎಂದು ತೂಗಿ ಹೇಳುವುದು ನನ್ನಿಂದಾಗದು. ಮೇಷ್ಟ್ರಿಗಂತೂ ಕಳೆದುಕೊಳ್ಳಲು ಗದ್ದೆಯೇ ಇರಲಿಲ್ಲ, ಬಾಡಿಗೆ ಮನೆಯವರು. ಆ ಹರ್ಷವೂ ಬಹಳ ದಿನ ಬಾಳಲಿಲ್ಲವೆನ್ನಿ. ಮರುವರ್ಷವೇ ಇಂದಿರಾ ಗಾಂಧಿಯವರು ನಮ್ಮದೇ ಚಿಕ್ಕಮಗಳೂರಿನಿಂದ ಗೆದ್ದು ಲೋಕಸಭೆಗೆ ಮರಳಿದರು. 1979ರ ಜುಲೈನಲ್ಲಿ ಮೊರಾರ್ಜಿಯವರು ರಾಜೀನಾಮೆ ಕೊಟ್ಟರು. ಆಗ ಮೇಷ್ಟ್ರನ್ನು ಕೇಳಿದರೆ, ‘ನಾನು ಅವರಿಗಾಗಿ ನಕ್ಕದ್ದಲ್ಲಪ್ಪ, ಬಹಳ ದಿನವಾಗಿತ್ತು, ಅದಕ್ಕೆ ನಕ್ಕೆ’ ಎಂದಿದ್ದರು.

ಪಿಟೀಲಿನವರ ಪ್ರಶ್ನೆಗೆ: ಚೀಟಿಗಳು ಹೋದದ್ದು ನಿಜ, ಒಯ್ದು ಕೊಟ್ಟವನೂ ನಾನೇ. ನಾಲ್ಕೋ ಐದೋ ಇದ್ದವು. ಬೇರೆಯವರ ಚೀಟಿ ಓದಬಾರದೆಂದು ಮನೆಯಲ್ಲಿ ಕಲಿಸಿದ್ದರು, ಆದ್ದರಿಂದ ಓದಲಿಲ್ಲ. ಜೀವಮಾನದಲ್ಲಿ ಆ ಒಂದು ಒಳ್ಳೆಯ ಅಭ್ಯಾಸಕ್ಕಾಗಿ ನಾನು ಪಶ್ಚಾತ್ತಾಪಪಡುವುದು ಇವತ್ತೇ.

ಕೃಷ್ಣಮೂರ್ತಿಪುರಂ ಹುಡುಗ:

ಎಲ್ಲರಿಗೂ ಕೃತಜ್ಞತೆಗಳು. ಕರಪತ್ರವನ್ನು ಮತ್ತೆ ಬಿಡಿಸಿ ನೋಡಿದೆ. ಹಿರಿಯರು ಹೇಳಿದಂತೆ, 27ರ ಭಾನುವಾರಕ್ಕೆ ಹರಿಕಥೆ ಇದೆ. ಅದೂ ಉಳಿದೆಲ್ಲ ಸಾಲುಗಳಿಗಿಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ಮೊದಲು ನೋಡಿದಾಗ ಅದು ಅಚ್ಚಿನವರ ಲೋಪವೆಂದುಕೊಂಡಿದ್ದೆ. ಚುನಾವಣೆಯ ಫಲಿತಾಂಶಕ್ಕಿಂತ ಮೊದಲೇ ಈ ಕರಪತ್ರ ಅಚ್ಚಿಗೆ ಹೋಗಿರಬೇಕು, ಉತ್ಸವ ಯುಗಾದಿಯಂದೇ ಶುರುವಾಗುತ್ತಿತ್ತಲ್ಲ. ಎಂದರೆ ಹರಿಕಥೆಯನ್ನು ಮರಳಿ ಸೇರಿಸುವ ತೀರ್ಮಾನವನ್ನು ಹಿರಿಯರು ಗೆಲುವಿನ ಸುದ್ದಿ ಬರುವ ಮುಂಚೆಯೇ ಮಾಡಿದ್ದರು. ನನ್ನ ಎರಡು ಪುಟಗಳನ್ನು ಈಗ ಇಲ್ಲಿಂದ ಆರಂಭಿಸುವುದೆಂದು ನಿರ್ಧರಿಸಿದ್ದೇನೆ.

ಮಂಡ್ಯದ ಅಕ್ಕನವರು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮ ಗದ್ದೆ ಮಾಡುತ್ತಿದ್ದವರೂ ಹಾಗೇ ಕಾಗದ ದೀಪಕ್ಕೆ ಹಿಡಿದು ನೋಡಿರುತ್ತಾರೆ’ ಎಂದರು. ನಮ್ಮ ತಾತನ ಕಾಲದಲ್ಲಿ ಶ್ರೀರಂಗಪಟ್ಟಣದ ಬಳಿ ನಮಗೆ ಗದ್ದೆ ಇತ್ತೆಂಬುದು ನನಗೆ ತಿಳಿದದ್ದೇ ಇವತ್ತು. ಅಕ್ಕ, ತಮ್ಮ ಒಪ್ಪಿಗೆ ಇದ್ದರೆ ಆ ರಾಮಮಂದಿರದ ಭಜನೆಯನ್ನೂ ಸಂಚಿಕೆಯಲ್ಲಿ ಸೇರಿಸುತ್ತೇನೆ. ಸಮಿತಿಯವರು ‘ಇದು ನಮ್ಮ ಬೀದಿಯದ್ದಲ್ಲವಲ್ಲ’ ಎಂದು ತಕರಾರು ತೆಗೆಯಬಹುದು. ತೆಗೆಯಲಿ.

ಇನ್ನು ಚಪ್ಪಾಳೆ. ಕರೆಂಟು ಹೋದ ವಿಷಯ ಹೇಳುತ್ತಿದ್ದಂತೆ ಅಮ್ಮ, ‘ಹೌದಲ್ಲ!’ ಎಂದು ಹಣೆ ಚಚ್ಚಿಕೊಂಡರು. ಅವರು ಚಪ್ಪರದೊಳಗೆ ಇರಲೇ ಇಲ್ಲವಂತೆ. ಅಳುತ್ತಿದ್ದ ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಎದುರು ಮನೆಯ ಜಗಲಿಯಲ್ಲಿ ಕೂತಿದ್ದರಂತೆ. ದೇವರನಾಮ ಮುಗಿಯುವ ಹೊತ್ತಿಗೆ ಸರಿಯಾಗಿ ಕರೆಂಟು ಬಂದು, ಬೀದಿಯ ದೀಪ, ಚಪ್ಪರದ ದೀಪ, ಮೈಕು ಎಲ್ಲ ಒಮ್ಮೆಗೇ ಜೀವ ತಳೆದಾಗ ಜನ ಎದ್ದು ಚಪ್ಪಾಳೆ ತಟ್ಟಿದರಂತೆ. ಹಾಡಿಗೋ ಕರೆಂಟಿಗೋ ಎಂದು ಕೇಳಿದೆ. ‘ಅಷ್ಟು ದೂರದಿಂದ ನನಗೆ ಹೇಗೆ ಗೊತ್ತಾಗಬೇಕು?’ ಎಂದರು.

‘ಸ್ಟೇಷನ್?’ ಬಗ್ಗೆಯೂ ಕೇಳಿದೆ. ಅಪ್ಪ ಆ ಶನಿವಾರ ಬೆಳಿಗ್ಗೆ ಪಟ್ಟಿ ಹಿಡಿದು ಠಾಣೆಗೆ ಹೋಗಿಯೇ ಹೋದರಂತೆ. ಅಲ್ಲಿದ್ದ ಕಾನ್‌ಸ್ಟೇಬಲ್, ‘ಈಗ ಅದೆಲ್ಲ ಬೇಡ ಸ್ವಾಮಿ, ಪಾನಕ ಮಾಡಿದರೆ ಇತ್ತಲಾಗೂ ಸ್ವಲ್ಪ ಕಳಿಸಿ’ ಎಂದನಂತೆ. ಅಪ್ಪ ಮನೆಯ ಹಿತ್ತಾಳೆ ಕೊಡಪಾನದ ತುಂಬ ಪಾನಕ ಕಳಿಸಿದರು. ಕೊಡಪಾನ ಮಾತ್ರ ವಾಪಸ್ ಬರಲಿಲ್ಲ. ಅದು ಅಮ್ಮನಿಗೆ ತವರಿನಿಂದ ಬಂದದ್ದು, ಸಂಚಿಕೆಯಲ್ಲಿ ಬೇರೇನು ಬಿಟ್ಟರೂ ಅದನ್ನು ಬಿಡಬಾರದೆಂದು ತಾಕೀತು ಮಾಡಿದ್ದಾರೆ.